ದೀಪಾವಳಿಗೆ ಮುಂಚೆ ಆಡಬೇಕಾದ ಮಾತು

ಮಹಾನವಮಿಯಂದು ಬನ್ನಿ ಕೊಟ್ಟು, ಬನ್ನಿ ತೆಗೆದುಕೊಂಡು, ಬಂಗಾರದಂತೆ ಬಾಳೋಣವೆಂದು ಊರವರು ಒಬ್ಬರನ್ನೊಬ್ಬರು ಹಾರೈಸಿದ ಬಳಿಕ, ವಿಜಯಪುರ ಜಿಲ್ಲೆಯ ಎರೆಭೂಮಿಯಲ್ಲಿ ಎರಡು ಬಗೆಯ ಅವಸರಗಳು ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಹೊಲವಿದ್ದವರಿಗೆ ನೆಲದ ಹಸಿ ಆರುವ ಮೊದಲು ಹಿಂಗಾರಿಯ ಬಿಳಿಜೋಳವನ್ನು ಬಿತ್ತಿ ಮುಗಿಸುವ ಅವಸರ. ಹೊಲವಿಲ್ಲದವರಿಗೆ, ಇದ್ದರೂ ಅದು ಹೊಟ್ಟೆಗೆ ಸಾಲದವರಿಗೆ, ಗಂಟುಮೂಟೆ ಕಟ್ಟುವ ಅವಸರ. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಸೀಮೆಯನ್ನು ನೀರೇ ಇಲ್ಲದ ನಾಡೆಂದು ಹೇಳುವಂತಿಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಹುಟ್ಟಿದ್ದೂ ಇಲ್ಲಿಯೇ. ಆದರೆ ಆ ಗಾದೆಯಲ್ಲಿರುವ ‘ಬೆಳೆದರೆ’ ಎಂಬ ಮಾತಿನ ಭಾರವನ್ನು ಹೊರುವವರು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಒಣಬೇಸಾಯದ ಹಳ್ಳಿಗಳವರು, ತಾಂಡಾಗಳವರು. ಈಚಿನ ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲ್ಲೂಕುಗಳು ಒಡೆದು ಬಂದಿವೆ. ಎಲ್ಲೆಗಳು ಬದಲಾದವು, ಹಂಗಾಮು ಬದಲಾಗಲಿಲ್ಲ.

ದಸರೆಯ ರಜೆ ಮುಗಿದು ಪ್ರಾಥಮಿಕ ಶಾಲೆಯ ಬಾಗಿಲು ತೆರೆಯುವುದೂ ಇದೇ ಸಮಯದಲ್ಲಿ. ಉಪಾಧ್ಯಾಯರು ಹಾಜರಿ ಪುಸ್ತಕವನ್ನು ಬಿಡಿಸಿ ಹೆಸರು ಕೂಗುತ್ತಾರೆ. ಮೊದಲ ದಿನ ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಹಬ್ಬದ ಮೈಮರೆವು ಇನ್ನೂ ಇಳಿದಿಲ್ಲವೆಂದು ಅವರು ಸುಮ್ಮನಾಗುತ್ತಾರೆ. ದೀಪಾವಳಿಯ ಪಾಡ್ಯ ಕಳೆದ ಮೇಲೆ ಉತ್ತರ ಬಾರದ ಹೆಸರುಗಳು ಹೆಚ್ಚುತ್ತವೆ. ಪಕ್ಕದ ಹುಡುಗನನ್ನು ಕೇಳಿದರೆ ‘ಅವರು ಗುಳೆ ಹೋದರು’ ಎಂಬ ಒಂದೇ ಮಾತು. ಎಲ್ಲಿಗೆ, ಎಷ್ಟು ದಿನಕ್ಕೆ, ಮಗುವಿನ ಪುಸ್ತಕಗಳು ಗಂಟಿನಲ್ಲಿವೆಯೋ ಮನೆಯ ಮಾಡದಲ್ಲಿವೆಯೋ ಎಂಬುದು ಆ ಹುಡುಗನಿಗೂ ತಿಳಿಯದು, ಉಪಾಧ್ಯಾಯರಿಗೂ ತಿಳಿಯದು. ಶಾಲೆಗೂ ಮನೆಗೂ ನಡುವೆ ಆಗಬೇಕಾಗಿದ್ದ ಮಾತು ಆಗದೆ ಉಳಿದುದಕ್ಕೆ ಆ ಉತ್ತರವಿಲ್ಲದ ಹೆಸರುಗಳೇ ಸಾಕ್ಷಿ.

ಗುಳೆ ಹೋಗುವ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯದೆ ಈ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಈ ಸೀಮೆಯ ಕೂಲಿಕಾರರಲ್ಲಿ ಕೆಲವರು ಕಟ್ಟಡದ ಕೆಲಸಕ್ಕೆಂದು ಗೋವೆಗೆ, ಮಂಗಳೂರಿಗೆ, ಪುಣೆ-ಮುಂಬಯಿಗಳಿಗೆ ಹೋಗುತ್ತಾರೆ. ಇನ್ನು ಕೆಲವರು ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರಗಳ ಕಡೆಗೆ, ಬೆಳಗಾವಿ, ಬಾಗಲಕೋಟೆಗಳ ಕಡೆಗೆ ಹೋಗುತ್ತಾರೆ. ಸಕ್ಕರೆ ಕಾರ್ಖಾನೆಗಳು ಅಕ್ಟೋಬರ ಕೊನೆ, ನವೆಂಬರ ಮೊದಲ ಭಾಗದಲ್ಲಿ ನುರಿಸುವ ಕೆಲಸವನ್ನು ಆರಂಭಿಸುತ್ತವೆ. ಅದಕ್ಕೆ ಎಷ್ಟೋ ಮುಂಚೆಯೇ ಮುಕಾದಮನು ಹಳ್ಳಿಗೆ ಬಂದು ಮುಂಗಡ ಹಣವನ್ನು ಕೊಟ್ಟು ಹೋಗಿರುತ್ತಾನೆ. ಆ ಹಣ ಮಳೆಗಾಲದಲ್ಲಿ ಬೀಜಕ್ಕೋ, ಔಷಧಕ್ಕೋ, ಮದುವೆಗೋ ಖರ್ಚಾಗಿ ಹೋಗಿರುತ್ತದೆ. ಕಬ್ಬಿನ ಕೆಲಸದಲ್ಲಿ ಗಂಡಹೆಂಡಿರನ್ನು ಕೂಡಿಸಿ ಒಂದು ಜೋಡಿಯೆಂದು ಲೆಕ್ಕ ಹಿಡಿಯುತ್ತಾರೆ. ಒಬ್ಬನು ಕಡಿದರೆ ಇನ್ನೊಬ್ಬಳು ಕಟ್ಟಬೇಕು, ಹೊರಬೇಕು. ಆದಕಾರಣ ತಾಯಿಯು ಮಕ್ಕಳೊಡನೆ ಊರಲ್ಲಿ ಉಳಿಯುವ ಮಾತೇ ಇಲ್ಲ. ತಾಯಿಯ ಜೊತೆಗೆ ಹಾಲು ಕುಡಿಯುವ ಕೂಸು ಹೋಗಬೇಕು. ಆ ಕೂಸನ್ನು ಗುಡಿಸಿಲಿನಲ್ಲಿ ಎತ್ತಿಕೊಂಡು ಕೂಡಲು ಮೂರನೆಯ ಇಯತ್ತೆಯಲ್ಲೋ ನಾಲ್ಕನೆಯ ಇಯತ್ತೆಯಲ್ಲೋ ಓದುವ ಅಕ್ಕ ಹೋಗಬೇಕು. ‘ಕೂಸ ಹಿಡಿಯಾವ್ರು ಯಾರ್ರೀ ಮಾಸ್ತರ?’ ಎಂಬ ತಾಯಿಯ ಪ್ರಶ್ನೆಗೆ ಶಾಲೆಯ ಯಾವ ಸುತ್ತೋಲೆಯಲ್ಲಿಯೂ ಉತ್ತರವಿಲ್ಲ.

ಇಂಥ ಕುಟುಂಬಗಳಿಗೆ ಶಾಲೆಯು ತನ್ನ ವಿಚಾರವನ್ನು ಯಾವಾಗ ತಿಳಿಸುತ್ತದೆ? ಪ್ರಥಮಾವಧಿಯ ಮೌಲ್ಯಮಾಪನ ದಸರೆಗೆ ಮುನ್ನ ಮುಗಿಯುತ್ತದೆ. ಅದರ ಫಲವನ್ನು ತಂದೆತಾಯಿಗಳಿಗೆ ತೋರಿಸುವ ಕೆಲಸ ಬಹಳ ಕಡೆ ರಜೆಯ ನಂತರಕ್ಕೆ ಉಳಿಯುತ್ತದೆ. ನವೆಂಬರ ೧೪ರ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಪಾಲಕರನ್ನು ಕರೆದು ಸಭೆ ನಡೆಸುವ ರೂಢಿ ಹಲವೆಡೆ ಇದೆ. ಹಾಡು, ಭಾಷಣ, ಬಹುಮಾನಗಳಿಂದ ಆ ದಿನ ಕಳೆಗಟ್ಟುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪಂಚಾಂಗವನ್ನು ಒಮ್ಮೆ ತೆರೆದು ನೋಡಬೇಕು. ವಿಜಯದಶಮಿಯಿಂದ ದೀಪಾವಳಿಯ ಅಮಾವಾಸ್ಯೆಗೆ ಇಪ್ಪತ್ತು ದಿನ. ೨೦೨೫ರಲ್ಲಿ ಬಲಿಪಾಡ್ಯಮಿ ಅಕ್ಟೋಬರ ೨೨ರಂದು ಬಂದಿತ್ತು. ನವೆಂಬರ ೧೪ ಬರುವಷ್ಟರಲ್ಲಿ ಮೂರು ವಾರ ಕಳೆದುಹೋಗಿತ್ತು. ಯಾರಿಗೆ ಆ ಸಭೆಯ ಅಗತ್ಯ ಹೆಚ್ಚೋ ಅವರು ಅಷ್ಟರಲ್ಲಿ ಕಬ್ಬಿನ ಗದ್ದೆಗಳ ಬದುವಿನಲ್ಲಿ ಗುಡಿಸಿಲು ಹಾಕಿಕೊಂಡಿರುತ್ತಾರೆ. ಸಭೆಗೆ ಬಂದವರು ಊರಲ್ಲಿ ಉಳಿದವರು. ಅವರ ಮಕ್ಕಳು ಹೇಗೂ ಶಾಲೆಯಲ್ಲಿಯೇ ಇರುತ್ತಾರೆ.

ಆ ವರ್ಷದ ಸಂಗತಿಯನ್ನು ಇನ್ನೂ ಸ್ವಲ್ಪ ಹೇಳಬೇಕಾಗಿದೆ. ರಾಜ್ಯದಲ್ಲಿ ಸೆಪ್ಟೆಂಬರ ೨೨ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಮನೆಮನೆಗೆ ಹೋಗಿ ವಿವರ ಬರೆದುಕೊಳ್ಳುವ ಹೊಣೆ ಬಹುಪಾಲು ಸರಕಾರಿ ಶಾಲೆಯ ಶಿಕ್ಷಕರ ಮೇಲೆ ಬಿದ್ದಿತು. ಕೆಲಸ ಮುಗಿಯದುದರಿಂದ ಸರಕಾರಿ ಹಾಗೂ ಅನುದಾನಿತ ಶಾಲೆಗಳ ದಸರೆಯ ರಜೆಯನ್ನು ಅಕ್ಟೋಬರ ೧೮ರವರೆಗೆ ಮುಂದುವರಿಸಲಾಯಿತು. ಅದರ ಬೆನ್ನಿಗೇ ದೀಪಾವಳಿ ಬಂದಿತು. ಹೀಗೆ ಶಾಲೆಯು ಕುಟುಂಬದೊಡನೆ ಮಾತಾಡಬಹುದಾಗಿದ್ದ ದಿನಗಳು ಆ ವರ್ಷ ಇಲ್ಲವೇ ಇಲ್ಲವಾದವು. ಇದರಲ್ಲಿ ಒಂದು ವಿಪರ್ಯಾಸವೂ ಉಂಟು. ಗುಳೆಗೆ ಸಿದ್ಧವಾಗುತ್ತಿದ್ದ ಮನೆಗಳ ಕಟ್ಟೆಯ ಮೇಲೆ ಆ ದಿನಗಳಲ್ಲಿ ಶಿಕ್ಷಕರೇ ಕುಳಿತಿದ್ದರು. ಜಾತಿ, ಉದ್ಯೋಗ, ಆಸ್ತಿ ಮೊದಲಾಗಿ ಹತ್ತಾರು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಗುರುತಿಸಿಕೊಂಡರು. ‘ದೀಪಾವಳಿಯಾದ ಮೇಲೆ ಮಗುವನ್ನು ಎಲ್ಲಿ ಬಿಡುತ್ತೀರಿ?’ ಎಂದು ಕೇಳುವುದು ಆ ಪಟ್ಟಿಯ ಕೆಲಸವಾಗಿರಲಿಲ್ಲ. ಸರಕಾರವು ತನಗೆ ಬೇಕಾದ ಮಾಹಿತಿಗಾಗಿ ಶಿಕ್ಷಕರನ್ನು ಪ್ರತಿ ಮನೆಗೂ ಕಳುಹಿಸಬಲ್ಲುದಾದರೆ, ಮಗುವಿಗೆ ಬೇಕಾದ ಮಾತಿಗಾಗಿ ವರ್ಷಕ್ಕೆ ಎರಡು ದಿನ ಕಳುಹಿಸಲಾರದೆ?

ಪಾಲಕರಿಗೆ ಆಸಕ್ತಿಯಿಲ್ಲ, ಕರೆದರೂ ಬರುವುದಿಲ್ಲ ಎಂಬ ಮಾತು ಶಾಲೆಯ ಪಡಸಾಲೆಯಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಇದು ಅರ್ಧ ಸತ್ಯವೂ ಅಲ್ಲ. ೨೦೦೨ರಲ್ಲಿ ಅಕ್ಷರ ದಾಸೋಹವೆಂಬ ಮಧ್ಯಾಹ್ನದ ಬಿಸಿಯೂಟದ ಯೋಜನೆ ರಾಜ್ಯದಲ್ಲಿ ಮೊತ್ತಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಅಂದಿನ ಬಿಜಾಪುರವೂ ಒಂದು. ಆ ಊಟವನ್ನು ಬೇಯಿಸಿ ಬಡಿಸುವವರು ಊರಿನ ತಾಯಂದಿರೇ. ಕೆಲಸ ಕಣ್ಣಿಗೆ ಕಾಣುವಂಥದು, ಕೈಗೆ ಎಟಕುವಂಥದು ಆದರೆ ಮನೆಯವರು ಶಾಲೆಗೆ ದೂರದವರಲ್ಲ. ಅವರು ಹಿಂಜರಿಯುವುದು ಕಾಗದದ ಮುಂದೆ. ೨೦೧೧ರ ಜನಗಣತಿಯಂತೆ ಈ ಜಿಲ್ಲೆಯಲ್ಲಿ ಓದಬಲ್ಲ ಗಂಡಸರು ೧೦೦ಕ್ಕೆ ಸುಮಾರು ೭೭, ಹೆಂಗಸರು ಸುಮಾರು ೫೭. ಎಂದರೆ ನೂರು ತಾಯಂದಿರನ್ನು ಸಭೆಗೆ ಕರೆದು ಅಚ್ಚಾದ ತಿಳಿವಳಿಕೆ ಪತ್ರವನ್ನು ಹಂಚಿದರೆ ನಲವತ್ತಕ್ಕಿಂತ ಹೆಚ್ಚು ಜನ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದ ಕಾಲವದು. ಅಂದಿನಿಂದ ಸ್ಥಿತಿ ಸುಧಾರಿಸಿರಬಹುದು. ಆದರೂ ಗುಳೆ ಹೋಗುವ ಕುಟುಂಬಗಳು ಯಾವ ಪಾಲಿಗೆ ಸೇರಿದವೆಂಬುದನ್ನು ಊಹಿಸಲು ಗಣತಿ ಬೇಡ.

ಅಕ್ಷರ ಬಲ್ಲವರಿಗಾದರೂ ಶಾಲೆಯ ಭಾಷೆ ಸುಲಭವೆ? ‘ಸಂಕಲನಾತ್ಮಕ ಮೌಲ್ಯಮಾಪನ’, ‘ರೂಪಣಾತ್ಮಕ ಮೌಲ್ಯಮಾಪನ’, ‘ಕಲಿಕಾ ಫಲ’ ಎಂಬ ಪದಗಳು ಇಲಾಖೆಯ ಕಾಗದಗಳಲ್ಲಿ ಸಲ್ಲುತ್ತವೆ. ಇವುಗಳನ್ನು ತಾಯಿಯ ಮುಂದೆ ಉಚ್ಚರಿಸಿದರೆ ಆಕೆ ತಲೆದೂಗುತ್ತಾಳೆ, ಅರ್ಥವಾಯಿತೆಂದಲ್ಲ, ಮರ್ಯಾದೆಗೆಂದು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಮರಾಠಿಯನ್ನೋ ಆಡುವವರ ಪಾಡು ಇನ್ನೂ ಕಷ್ಟ. ಅದರ ಬದಲು ‘ನಿಮ್ಮ ಹುಡುಗಿ ಕೂಡಿಸುವ ಲೆಕ್ಕವನ್ನು ಚೆನ್ನಾಗಿ ಮಾಡುತ್ತಾಳೆ, ಕಳೆಯುವಾಗ ಪಕ್ಕದ ಮನೆಯಿಂದ ಹತ್ತು ಕಡ ತರುವುದನ್ನು ಮರೆಯುತ್ತಾಳೆ, ಒತ್ತಕ್ಷರ ಬಂದಲ್ಲಿ ತಡವರಿಸುತ್ತಾಳೆ’ ಎಂದು ಹೇಳಿದರೆ ತಿಳಿಯದ ತಾಯಿ ಯಾರಿದ್ದಾರೆ? ಸಂತೆಯಲ್ಲಿ ಬಾಯಿಲೆಕ್ಕದಲ್ಲಿಯೇ ವ್ಯಾಪಾರ ಮುಗಿಸುವ ಆಕೆಗೆ ಕಡ ತರುವ ಲೆಕ್ಕವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಗುಡಿಸಿಲಿನ ಮುಂದೆ ಕುಳಿತು ಕಬ್ಬಿನ ಗಣಿಕೆಗಳನ್ನು ಎಣಿಸುತ್ತ ಅದನ್ನು ಮಗಳಿಗೆ ಹೇಳಿಕೊಡುವ ಶಕ್ತಿ ಆಕೆಗೇ ಉಂಟು, ಹೇಳಿಕೊಡಬೇಕಾದುದು ಇಂಥದೇ ಎಂದು ಶಾಲೆಯು ಆಕೆಗೆ ತಿಳಿಸಿದ್ದರೆ.

ಈ ಸೀಮೆಯ ತಾಯಂದಿರ ನುಡಿಶಕ್ತಿಯನ್ನು ಗುರುತಿಸಿದವರು ಇಲ್ಲಿಯವರೇ ಆದ ಹಲಸಂಗಿಯ ಗೆಳೆಯರು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಕೂಡಿ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡರು. ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟವಾದಾಗ ಅಕ್ಷರವರಿಯದ ಆ ತಾಯಂದಿರ ಮಾತಿಗೆ ಕನ್ನಡದ ದೊಡ್ಡ ಕವಿಗಳೇ ಬೆರಗಾದರು. ಆ ಗೆಳೆಯರಲ್ಲಿ ಒಬ್ಬರಾದ ಚಡಚಣದ ಸಿಂಪಿ ಲಿಂಗಣ್ಣನವರು ವೃತ್ತಿಯಿಂದ ಶಾಲೆಯ ಮಾಸ್ತರರಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಬೀಸುವ ಕಲ್ಲಿನ ಬಳಿ ಕುಳಿತವರಿಂದ ತಾವು ಕಲಿಯುವುದಿದೆ ಎಂದು ತಿಳಿದ ಮಾಸ್ತರರು ಅವರು. ಇಂದಿನ ಪಾಲಕರ ಸಭೆಯಲ್ಲಿ ಮಾತೆಲ್ಲ ಒಂದೇ ದಿಕ್ಕಿಗೆ ಹರಿಯುತ್ತದೆ; ವೇದಿಕೆಯ ಮೇಲಿನವರು ಹೇಳುತ್ತಾರೆ, ಜಮಖಾನದ ಮೇಲೆ ಕುಳಿತವರು ಕೇಳುತ್ತಾರೆ. ಕುಟುಂಬಕ್ಕೆ ತಿಳಿಸುವುದರಷ್ಟೇ ಕುಟುಂಬದಿಂದ ತಿಳಿದುಕೊಳ್ಳುವುದೂ ಶಾಲೆಯ ಕೆಲಸವೆಂಬುದನ್ನು ಈ ಸಭೆಗಳು ಮರೆತಂತಿವೆ. ಮುಕಾದಮನು ಯಾವ ದಿನ ಗಾಡಿ ತರುತ್ತಾನೆ, ಎಷ್ಟು ತಿಂಗಳ ಕರಾರು, ಮನೆಯಲ್ಲಿ ಅಜ್ಜಿ ಉಳಿಯುತ್ತಾಳೆಯೇ, ಅಜ್ಜಿಗೆ ಕಣ್ಣು ಕಾಣುತ್ತದೆಯೇ - ಇದನ್ನೆಲ್ಲ ಹೇಳಬಲ್ಲವರು ಜಮಖಾನದ ಮೇಲಿದ್ದಾರೆ.

ಶಾಲೆಗೂ ಮನೆಗೂ ನಡುವೆ ಓಡಾಡುವ ದೂತರು ಬೇರೆ ಯಾರೂ ಅಲ್ಲ, ಮನೆಯ ದೊಡ್ಡ ಮಕ್ಕಳು. ತಮ್ಮನ ಪ್ರಗತಿ ಪತ್ರವನ್ನು ತಾಯಿಗೆ ಓದಿ ಹೇಳುವವಳು ಪ್ರೌಢಶಾಲೆಗೆ ಹೋಗುವ ಅಕ್ಕ. ಸಭೆಯ ಚೀಟಿ ಬಂದರೆ ಅದನ್ನು ತಂದೆಗೆ ತಿಳಿಸುವವನು ಒಂಬತ್ತನೆಯ ಇಯತ್ತೆಯ ಅಣ್ಣ. ಅಂಗಳದಲ್ಲಿ ನಿಂತು ಆ ಚೀಟಿಯನ್ನು ಓದುವಾಗ ಆ ಹುಡುಗ ಅಥವಾ ಹುಡುಗಿಯ ಕೈಯಲ್ಲಿ ಸಣ್ಣದೊಂದು ಅಧಿಕಾರವಿರುತ್ತದೆ. ತಮ್ಮನ ತಪ್ಪನ್ನು ಮುಚ್ಚಬಹುದು, ಹಳೆಯ ಜಗಳದ ಸೇಡಿಗಾಗಿ ಹಿಗ್ಗಿಸಬಹುದು, ‘ಏನೂ ಇಲ್ಲವ್ವ, ಸಹಿ ಮಾಡು’ ಎಂದು ಹೆಬ್ಬೆಟ್ಟನ್ನು ಮಸಿಗೆ ಒತ್ತಿಸಬಹುದು. ಈ ಮೂರೂ ನಡೆಯುತ್ತವೆ. ಹಾಗೆಯೇ, ‘ಇವನನ್ನು ಈಗ ಕರೆದುಕೊಂಡು ಹೋದರೆ ಓದು ಅರ್ಧಕ್ಕೆ ನಿಲ್ಲುತ್ತದೆ, ನಾನು ಅಜ್ಜಿಯೊಡನೆ ಉಳಿದು ಇವನನ್ನು ಶಾಲೆಗೆ ಕಳಿಸುತ್ತೇನೆ’ ಎಂದು ತಂದೆಯ ಮುಂದೆ ಹೇಳುವ ಧೈರ್ಯವೂ ಅದೇ ಅಂಗಳದಲ್ಲಿ ಹುಟ್ಟುತ್ತದೆ. ದೊಡ್ಡವರು ಆಡಬೇಕಾದ ಮಾತನ್ನು ಹದಿನಾಲ್ಕು ವರ್ಷದವರ ಹೆಗಲಿಗೆ ಹೊರಿಸುವುದು ಸರಿಯಲ್ಲವೆಂಬುದೇನೋ ನಿಜ. ಆದರೆ ಎಷ್ಟೋ ಮನೆಗಳಲ್ಲಿ ಅದು ಈಗಾಗಲೇ ಅವರ ಹೆಗಲ ಮೇಲಿದೆ.

ಈಗ ಕೈಗೆ ಫೋನು ಬಂದಿದೆ. ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದರೆ ಎಲ್ಲರಿಗೂ ತಿಳಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಫೋನು ತಂದೆಯ ಕಿಸೆಯಲ್ಲಿರುತ್ತದೆ, ತಂದೆ ಕೆಲಸದ ಮೇಲಿರುತ್ತಾನೆ. ದುಡ್ಡು ಮುಗಿದರೆ ಸಂದೇಶಗಳು ಇಳಿಯುವುದಿಲ್ಲ, ಊರು ಬದಲಾದರೆ ಎಷ್ಟೋ ಸಲ ನಂಬರೂ ಬದಲಾಗುತ್ತದೆ. ಆದರೂ ಅದನ್ನು ತಳ್ಳಿಹಾಕಬೇಕಾಗಿಲ್ಲ. ಬರೆದ ಸಂದೇಶಕ್ಕಿಂತ ಮಾಸ್ತರರ ಅಥವಾ ಅಕ್ಕೋರ ದನಿಯಲ್ಲಿಯೇ ಎರಡು ಮಾತು ಧ್ವನಿಮುದ್ರಿಸಿ ಕಳುಹಿಸಿದರೆ ಓದಲಾರದವರೂ ಕೇಳಿಯಾರು. ಊರಲ್ಲಿ ಡಂಗುರ ಸಾರುವ ಪದ್ಧತಿ ಇನ್ನೂ ಉಳಿದಿರುವ ಕಡೆ ಅದೂ ಆದೀತು; ಹಿಟ್ಟಿನ ಗಿರಣಿಯ ಮುಂದೆ ಸಾಲು ನಿಂತ ಹೆಂಗಸರಿಗೆ ಒಂದು ಮಾತು ಹೇಳಿದರೆ ಅದು ಡಂಗುರಕ್ಕಿಂತ ಬೇಗ ಓಣಿಯನ್ನು ಸುತ್ತುತ್ತದೆ.

ಇನ್ನು ತಿಳಿಸಬೇಕಾದುದೇನು ಎಂಬ ವಿಷಯ. ‘ಮಕ್ಕಳನ್ನು ತಪ್ಪದೆ ಶಾಲೆಗೆ ಕಳುಹಿಸಿರಿ’ ಎಂಬ ಉಪದೇಶವನ್ನು ಮುಂಗಡದ ಹಣ ತೆಗೆದುಕೊಂಡವನ ಮುಂದೆ ಆಡುವುದು ಬಿದ್ದವನಿಗೆ ನಡೆಯಲು ಹೇಳಿದಂತೆ. ಅವನಿಗೆ ಬೇಕಾದುದು ದಾರಿ. ೨೦೦೯ರಲ್ಲಿ ಅಂಗೀಕಾರವಾಗಿ ೨೦೧೦ರ ಏಪ್ರಿಲ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಆ ದಾರಿಯ ಕೆಲವು ಕಲ್ಲುಗಳನ್ನು ನೆಟ್ಟಿದ್ದಾರೆ. ವಲಸೆ ಬಂದ ಕುಟುಂಬದ ಮಕ್ಕಳಿಗೆ ಪ್ರವೇಶ ದೊರೆಯುವಂತೆ ನೋಡಿಕೊಳ್ಳುವುದು ಆಯಾ ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಮಗು ಬೇರೆ ಶಾಲೆಗೆ ಹೋಗಬೇಕಾದರೆ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಆ ಪತ್ರ ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಪಾಲಕರೊಡನೆ ಕ್ರಮವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿತ ಪ್ರಗತಿಗಳನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ಅದೇ ಕಾಯಿದೆಯ ೨೪ನೆಯ ಕಲಮು ಹೇಳುತ್ತದೆ. ಇದು ಉಪಕಾರವಲ್ಲ, ಕಾನೂನು. ಗುಳೆ ಹೋಗುವ ಎಷ್ಟು ತಂದೆತಾಯಿಗಳಿಗೆ ಈ ಮಾತುಗಳನ್ನು ಯಾರಾದರೂ ಎದುರು ಕುಳಿತು ಹೇಳಿದ್ದಾರೆ?

ನೆರೆಯ ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳಿಗೆ ‘ಶಿಕ್ಷಣ ಹಮೀ ಪತ್ರಕ’ ಎಂಬ ಚೀಟಿಯನ್ನು ಕೊಡುವ ಏರ್ಪಾಡು ಬಂದಿದೆ. ಮಗು ಯಾವ ಇಯತ್ತೆಯಲ್ಲಿದೆ, ಎಷ್ಟು ಕಲಿತಿದೆ ಎಂಬುದು ಅದರಿಂದ ಹೊಸ ಊರಿನ ಶಾಲೆಗೆ ತಿಳಿಯುತ್ತದೆ. ಸಕ್ಕರೆ ಕಾರ್ಖಾನೆಗಳ ಬಳಿ ನಡೆಯುವ ‘ಸಾಖರ ಶಾಲೆ’ಗಳ ಹೆಸರು ಗಡಿಯ ಈಚೆಯವರಿಗೂ ಅಪರಿಚಿತವಲ್ಲ. ಕರ್ನಾಟಕದಲ್ಲಿಯೂ ಟೆಂಟ್ ಶಾಲೆಗಳು, ಹಂಗಾಮಿ ವಸತಿ ನಿಲಯಗಳು, ಶಾಲೆ ಬಿಟ್ಟ ಮಕ್ಕಳಿಗಾಗಿ ಚಿಣ್ಣರ ಅಂಗಳ ಮೊದಲಾದ ಪ್ರಯತ್ನಗಳು ನಡೆದಿವೆ. ೨೦೧೩ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಇಲಾಖೆಯೂ ಹೆಚ್ಚು ಎಚ್ಚತ್ತಿತು. ಆದರೆ ಸಾಂಗ್ಲಿಯ ಜತ್ತ, ಸೋಲಾಪುರದ ಅಕ್ಕಲಕೋಟೆಯಂಥ ಗಡಿ ತಾಲ್ಲೂಕುಗಳಲ್ಲಿ ಕನ್ನಡ ಶಾಲೆಗಳಿದ್ದರೂ ಕಬ್ಬಿನ ಸೀಮೆಯ ಒಳಗೆ ಹೋದಂತೆ ಮಗುವಿಗೆ ಎದುರಾಗುವುದು ಮರಾಠಿ ಶಾಲೆ. ಕನ್ನಡದಲ್ಲಿ ಆಗತಾನೆ ಒತ್ತಕ್ಷರ ಕಲಿಯುತ್ತಿರುವ ಮಗುವಿಗೆ ಅದು ಪರದೇಶವೇ ಸರಿ. ಆದಕಾರಣ ಮಗು ಊರಲ್ಲಿಯೇ ಉಳಿಯುವಂತಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಉಳಿಸುವ ಮಾತನ್ನು ಆಡಬೇಕಾದುದು ಗಾಡಿ ಹೊರಡುವ ಹಿಂದಿನ ದಿನವಲ್ಲ, ಮುಂಗಡ ತೆಗೆದುಕೊಳ್ಳುವ ಮಳೆಗಾಲದಲ್ಲಿಯೇ ಮೊದಲು ಮಾಡಿ, ಮಹಾನವಮಿಯ ರಜೆಗೆ ಮುನ್ನ ಮುಗಿಸಬೇಕು. ವಸತಿ ನಿಲಯದಲ್ಲಿ ಹೆಣ್ಣುಮಗಳನ್ನು ಬಿಡಲು ತಾಯಿ ಒಪ್ಪಬೇಕಾದರೆ ಅಲ್ಲಿ ಅಡಿಗೆ ಮಾಡುವವಳು ಯಾರು, ರಾತ್ರಿ ಮಕ್ಕಳ ಬಳಿ ಮಲಗುವವಳು ಯಾರು ಎಂಬುದನ್ನು ಆಕೆ ಕಣ್ಣಾರೆ ಕಾಣಬೇಕು. ಒಂದೇ ಭೇಟಿಯಲ್ಲಿ ಆಗುವ ನಂಬಿಕೆಯಲ್ಲ ಅದು.

ಶಾಲೆಯು ಕುಟುಂಬದ ಬಳಿಗೆ ಹೋಗುವುದು ಅಸಾಧ್ಯವೆಂದು ಹೇಳುವವರು ೨೦೨೦ನ್ನು ನೆನೆಯಬೇಕು. ಕೊರೊನಾ ರೋಗದಿಂದ ಶಾಲೆಗಳು ಮುಚ್ಚಿದ್ದಾಗ ಆ ವರ್ಷದ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಕಾರ್ಯಕ್ರಮ ಆರಂಭವಾಯಿತು. ಶಿಕ್ಷಕರು ಗುಡಿಯ ಪ್ರಾಂಗಣದಲ್ಲಿ, ಸಮುದಾಯ ಭವನದಲ್ಲಿ, ಬೇವಿನ ಮರದ ನೆರಳಲ್ಲಿ ಮಕ್ಕಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಕೂಡಿಸಿ ಕಲಿಸಿದರು. ರೋಗದ ಭಯದಿಂದ ಅಕ್ಟೋಬರದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಎರಡು ತಿಂಗಳಲ್ಲಿ ಮಕ್ಕಳು ಎಷ್ಟು ಕಲಿತರೆಂಬುದರ ಬಗೆಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಪಾಠ ನಡೆಯುವುದನ್ನು ತಾಯಂದಿರು ನೋಡುತ್ತ ನಿಂತುದು, ಮಗು ಎಲ್ಲಿ ಮಲಗುತ್ತದೆ, ಯಾವ ಬೆಳಕಿನಲ್ಲಿ ಓದುತ್ತದೆ ಎಂಬುದನ್ನು ಶಿಕ್ಷಕರು ನೋಡಿದುದು ಸಣ್ಣ ಸಂಗತಿಯಲ್ಲ. ಶಾಲೆ ತೆರೆದ ಮೇಲೆ ಆ ಅಭ್ಯಾಸವನ್ನು ಉಳಿಸಿಕೊಳ್ಳದೆ ಬಿಟ್ಟುದು ದೊಡ್ಡ ನಷ್ಟ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮನೆಗೂ ಶಾಲೆಗೂ ನಡುವೆ ಒಂದು ಸಂಪರ್ಕ ಪುಸ್ತಕ ಓಡಾಡುವುದೂ, ವರ್ಷದ ಆರಂಭದಲ್ಲಿ ಶಿಕ್ಷಕರು ಮಕ್ಕಳ ಮನೆಗಳಿಗೆ ಭೇಟಿ ಕೊಡುವುದೂ ಬಹುಕಾಲದ ಪದ್ಧತಿ. ಎಲ್ಲ ತಾಯಂದಿರೂ ಓದಬಲ್ಲ ಆ ದೇಶವೇ ಮನೆಯ ಭೇಟಿಯನ್ನು ಬೇಕೆಂದು ಇಟ್ಟುಕೊಂಡಿತ್ತು.

ಈ ಕೆಲಸವನ್ನು ಮಾಡಿಸಲು ಹೊಸ ಸಮಿತಿಯೇನೂ ಬೇಕಾಗಿಲ್ಲ. ೨೦೦೧ರ ಏಪ್ರಿಲ ೨೮ರ ಆದೇಶದಂತೆ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟವು. ಶಿಕ್ಷಣ ಹಕ್ಕಿನ ಕಾಯಿದೆ ಬಂದ ಮೇಲೆ ಇಂಥ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಾಯಿತು. ಕೋಣೆ ಕಟ್ಟುವುದು, ಗೋಡೆಗೆ ಬಣ್ಣ ಬಳಿಯುವುದು, ಧ್ವಜದ ಕಟ್ಟೆ ಕಟ್ಟಿಸುವುದು ಇಂಥ ವಿಷಯಗಳಲ್ಲಿ ಈ ಸಮಿತಿಗಳು ಉತ್ಸಾಹ ತೋರುತ್ತವೆ. ಯಾರ ಮನೆಗೆ ಮುಕಾದಮನು ಬಂದುಹೋದ ಎಂಬುದು ಸಮಿತಿಯ ಸದಸ್ಯೆಯಾದ ಪಕ್ಕದ ಮನೆಯವಳಿಗೆ ಮೊದಲು ಗೊತ್ತಾಗುತ್ತದೆ, ಮುಖ್ಯೋಪಾಧ್ಯಾಯರಿಗೆ ಕೊನೆಗೆ. ಸೆಪ್ಟೆಂಬರಿನ ಸಭೆಯಲ್ಲಿ ಬಣ್ಣದ ಲೆಕ್ಕವನ್ನು ಬದಿಗಿಟ್ಟು ಅಂಥ ಮನೆಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದರೆ ಅರ್ಧ ಕೆಲಸ ಆದಂತೆ.

ಶಿಕ್ಷಕರ ಕಷ್ಟವನ್ನು ಮರೆತು ಈ ಮಾತನ್ನು ಹೇಳುತ್ತಿಲ್ಲ. ತಾಂಡಾಗಳ ಶಾಲೆಗಳಲ್ಲಿ ಒಬ್ಬರೋ ಇಬ್ಬರೋ ಐದು ಇಯತ್ತೆಗಳನ್ನು ನೋಡಿಕೊಳ್ಳಬೇಕು. ಚುನಾವಣೆಯ ಕೆಲಸ, ಗಣತಿಯ ಕೆಲಸ, ಬಿಸಿಯೂಟದ ಲೆಕ್ಕ, ಗಣಕಯಂತ್ರಕ್ಕೆ ತುಂಬಬೇಕಾದ ಮಾಹಿತಿ ಇವುಗಳ ನಡುವೆ ಪಾಠಕ್ಕೆ ಉಳಿಯುವ ಸಮಯವೇ ಕಡಿಮೆ. ಅವರಿಗೆ ಇನ್ನೊಂದು ಕಾಗದದ ಹೊರೆಯನ್ನು ಹೊರಿಸಿದರೆ ಈ ಉದ್ದೇಶವೇ ಕೆಡುತ್ತದೆ. ಬೇಕಾದುದು ಕಾಗದವಲ್ಲ, ಬಿಡುವು. ಪಾಲಕರ ಸಭೆಯ ದಿನವನ್ನು ರಾಜಧಾನಿಯಲ್ಲಿ ಎಲ್ಲ ಜಿಲ್ಲೆಗಳಿಗೂ ಒಂದೇ ಎಂದು ಗೊತ್ತುಮಾಡುವ ಬದಲು ಆಯಾ ತಾಲ್ಲೂಕಿನ ಶಿಕ್ಷಣಾಧಿಕಾರಿಗೆ ಬಿಟ್ಟುಕೊಡಬೇಕು. ಮಲೆನಾಡಿನ ಶಾಲೆಗೆ ನವೆಂಬರ ಸರಿಯಿದ್ದೀತು. ಇಂಡಿಗೂ ಮುದ್ದೇಬಿಹಾಳಕ್ಕೂ ಅದು ತಡ. ಪ್ರಥಮಾವಧಿಯ ಪರೀಕ್ಷೆಯ ಕೊನೆಯ ಎರಡು ದಿನಗಳನ್ನು ಮನೆಭೇಟಿಗೆಂದೇ ಇಟ್ಟು, ಆ ದಿನಗಳಲ್ಲಿ ಬೇರೆ ಯಾವ ಕೆಲಸಕ್ಕೂ ಶಿಕ್ಷಕರನ್ನು ಎಳೆಯದಿದ್ದರೆ ಸಾಕು. ಇಷ್ಟಕ್ಕೆ ಹೆಚ್ಚಿನ ಹಣವೂ ಬೇಡ.

ಎಷ್ಟು ಮಾತಾಡಿದರೂ ಕೆಲವು ಕುಟುಂಬಗಳು ಮಕ್ಕಳನ್ನು ಕರೆದುಕೊಂಡೇ ಹೋಗುತ್ತವೆ. ಕೂಸನ್ನು ಹಿಡಿಯುವವರು ಯಾರೆಂಬ ಪ್ರಶ್ನೆ ಮಾತಿನಿಂದ ಕರಗುವಂಥದಲ್ಲ. ಅಂಥವರಿಗಾಗಿ ಶಾಲೆಯು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ೨೦೦೯-೧೦ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಅದರಲ್ಲಿ ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದಾರೆ. ಮಗು ಕೆಲವು ದಿನ ಶಾಲೆಗೆ ಬಾರದೆ ಹೋದರೂ ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದೆಂಬುದು ಆ ಪದ್ಧತಿಯ ಒಂದು ಒಳ್ಳೆಯ ಗುಣ. ಗುಳೆ ಹೋಗುವ ಮಗುವಿನ ಕೈಯಲ್ಲಿ ಅದರ ಹೆಸರು, ಶಾಲೆಯ ಹೆಸರು, ಇಲಾಖೆಯವರು ಕೊಟ್ಟ ವಿದ್ಯಾರ್ಥಿ ಸಂಖ್ಯೆ, ಮಾಸ್ತರರ ಫೋನ್ ನಂಬರು, ಮಗು ಮುಟ್ಟಿದ ಮೆಟ್ಟಿಲು ಇಷ್ಟನ್ನು ಬರೆದ ಒಂದು ಗಟ್ಟಿ ಕಾಗದವನ್ನು ಕೊಟ್ಟು, ಅದರಲ್ಲಿ ಏನಿದೆಯೆಂಬುದನ್ನು ತಾಯಿಗೆ ಬಾಯಿಮಾತಿನಲ್ಲಿ ಹೇಳಿ ಕಳುಹಿಸಬಹುದು. ಪಡಿತರ ಚೀಟಿಯನ್ನೂ ಆಧಾರ್ ಕಾರ್ಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನ ಮಾಡುವ ತಾಯಿ ಅದನ್ನೂ ಅದರೊಳಗೇ ಇಡುತ್ತಾಳೆ.

ಮಾರ್ಚಿನಲ್ಲಿ ಕಾರ್ಖಾನೆಗಳು ನುರಿಸುವುದನ್ನು ನಿಲ್ಲಿಸುತ್ತವೆ. ಯುಗಾದಿಯ ಹೊತ್ತಿಗೆ ಮಂದಿ ತುಂಬಿದ ಟ್ರ್ಯಾಕ್ಟರುಗಳು ಮರಳಿ ತಾಂಡಾದ ಮುಂದೆ ನಿಲ್ಲುತ್ತವೆ. ಬಿಸಿಲಿಗೆ ಕಪ್ಪಿಟ್ಟ, ಕಬ್ಬಿನ ಗರಿ ತಾಗಿ ಕೈಕಾಲು ಗೀರಿಸಿಕೊಂಡ ಹುಡುಗಿ ಮರುದಿನ ಶಾಲೆಯ ಬಾಗಿಲಿನಲ್ಲಿ ನಿಲ್ಲುತ್ತಾಳೆ. ವರ್ಷದ ಕೊನೆಯ ಪರೀಕ್ಷೆಗೆ ಆಗ ಕೆಲವೇ ದಿನ ಉಳಿದಿರುತ್ತವೆ. ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದು ಆಕೆಯನ್ನು ಯಾರೂ ಕೇಳಬೇಕಾಗಿಲ್ಲ. ಅಕ್ಟೋಬರದಲ್ಲಿಯೇ ಕೇಳಿ ಬರೆದಿಟ್ಟಿದ್ದರೆ ಅದು ಶಾಲೆಗೆ ಗೊತ್ತೇ ಇರುತ್ತದೆ. ಆಕೆ ಚೀಲದಿಂದ ಆ ಕಾಗದವನ್ನು ತೆಗೆದುಕೊಟ್ಟರೆ ಮಾಸ್ತರರು ಅದನ್ನು ಬಿಡಿಸಿ ನೋಡಿ, ಗೋಡೆಯ ಮೇಲಿನ ಏಣಿಯಲ್ಲಿ ಆಕೆಯ ಮೆಟ್ಟಿಲನ್ನು ಹುಡುಕಿ, ಅಲ್ಲಿಯ ಕಾರ್ಡನ್ನು ಆಕೆಯ ಕೈಗೆ ಕೊಡಬಹುದು.